1943ರ ಲಂಡನ್ನಿನ ಮನೆಮಂದಿ ಏನು ಉಡುತ್ತಿದ್ದರು, ತಲೆ ಹೇಗೆ ಬಾಚುತ್ತಿದ್ದರು?

ಪ್ರಶ್ನೆ: ನಮ್ಮದು ಶಿವಮೊಗ್ಗದ ಒಂದು ಹವ್ಯಾಸಿ ನಾಟಕ ತಂಡ. 1943ರ ಚಳಿಗಾಲದ ಲಂಡನ್ನಿನಲ್ಲಿ ನಡೆಯುವ ಕಥೆಯೊಂದನ್ನು ರಂಗಕ್ಕೆ ತರುತ್ತಿದ್ದೇವೆ. ನಾಲ್ಕು ಪಾತ್ರಗಳಿವೆ: ಕಚೇರಿ ಗುಮಾಸ್ತ, ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿಯುವ ಅವನ ಹೆಂಡತಿ, ಮದುವೆ ಗೊತ್ತಾಗಿರುವ ಅವಳ ತಂಗಿ, ಮತ್ತು ತಾಂತ್ರಿಕ ತರಬೇತಿಗಾಗಿ ಬೆಂಗಳೂರಿನಿಂದ ಹೋಗಿ ಆ ಮನೆಯಲ್ಲಿ ಬಾಡಿಗೆಗಿರುವ ಯುವಕ. ಆಗ ಬಟ್ಟೆಗೂ ರೇಷನ್ ಇತ್ತು, ಆದ್ದರಿಂದ ಎಲ್ಲರಿಗೂ ಒಂದೇ ಬಗೆಯ ಬೂದುಬಣ್ಣದ ಬಟ್ಟೆ ಹಾಕಿಸಿದರಾಯಿತು ಎನ್ನುತ್ತಾರೆ ನಮ್ಮ ನಿರ್ದೇಶಕರು. ಅಂತರ್ಜಾಲದ ಚಿತ್ರಗಳಲ್ಲಿ ನೋಡಿದರೆ ಹೆಂಗಸರು ಹಣೆಯ ಮೇಲೆ ದೊಡ್ಡ ದೊಡ್ಡ ಸುರುಳಿ ಕಟ್ಟಿ, ಕೆಂಪು ಲಿಪ್‌ಸ್ಟಿಕ್ ಹಚ್ಚಿ, ಅಗಲವಾದ ಸ್ಕರ್ಟ್ ತೊಟ್ಟು ನಗುತ್ತಿದ್ದಾರೆ. ಯಾವುದನ್ನು ನಂಬಬೇಕು? ಸ್ಟಾಕಿಂಗ್ಸ್ ಸಿಗದೆ ಕಾಲಿಗೆ ಬಣ್ಣ ಬಳಿದುಕೊಳ್ಳುತ್ತಿದ್ದರು, ಪ್ಯಾರಾಚೂಟ್ ಬಟ್ಟೆಯಲ್ಲಿ ಮದುವೆಯ ಉಡುಪು ಹೊಲಿಯುತ್ತಿದ್ದರು ಎಂಬುದೆಲ್ಲ ನಿಜವೇ? ಗಂಡಸರ ಬಗ್ಗೆಯಂತೂ ಹೆಚ್ಚೇನೂ ಸಿಗುತ್ತಿಲ್ಲ. ನಮ್ಮ ಕೈಯಲ್ಲಿರುವ ಹಣವೂ ಅಷ್ಟಕ್ಕಷ್ಟೇ. ದಾರಿ ತೋರಿಸಿ.

ಉತ್ತರ: ನಿಮ್ಮ ನಿರ್ದೇಶಕರು ಹೇಳುವುದರಲ್ಲೂ ಆ ಚಿತ್ರಗಳಲ್ಲೂ ಅಷ್ಟಿಷ್ಟು ಸತ್ಯವಿದೆ, ಆದರೆ ಎರಡನ್ನೂ ಹಾಗೆಯೇ ರಂಗದ ಮೇಲೆ ತಂದರೆ ಎರಡೂ ತಪ್ಪಾಗುತ್ತವೆ. ರಂಗವಸ್ತ್ರದ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ಸಂಗತಿಯೆಂದರೆ, ಯುದ್ಧಕಾಲದ ಪಾತ್ರಗಳಿಗೆ ಆ ವರ್ಷದ ಫ್ಯಾಷನ್ ಚಿತ್ರಗಳನ್ನು ನೋಡಿ ಎಲ್ಲವನ್ನೂ ಹೊಸದಾಗಿ ಹೊಲಿಸಿಬಿಡುತ್ತಾರೆ. 1943ರ ಲಂಡನ್ನಿನ ಸಾಮಾನ್ಯ ಮನೆಯಲ್ಲಿ ಹೊಸ ಬಟ್ಟೆ ಎಂಬುದೇ ಅಪರೂಪವಾಗಿತ್ತು. ಜನ ತೊಡುತ್ತಿದ್ದುದು ಬಹುಪಾಲು ಯುದ್ಧಕ್ಕೆ ಮೊದಲು ಕೊಂಡ, ಮೂರು ನಾಲ್ಕು ವರ್ಷ ಸವೆದ, ರಫೂ ಮಾಡಿದ, ಬಿಚ್ಚಿ ಮತ್ತೆ ಹೊಲಿದ ಬಟ್ಟೆಯನ್ನೇ. ತಲೆಗೂದಲಿಗೆ ಮಾತ್ರ ಕೂಪನ್ ಬೇಕಿರಲಿಲ್ಲ. ಆದ್ದರಿಂದಲೇ ಹೆಂಗಸರು ಹೊಸತನ ತೋರಿಸಿದ್ದು ಹೆಚ್ಚಾಗಿ ತಲೆಯ ಮೇಲೆ. ಹಳೆಯ ಬಟ್ಟೆ, ಹೊಸ ತಲೆ, ಇದು ನಿಮ್ಮ ಇಡೀ ತಂಡಕ್ಕೆ ಹೊಂದುವ ಸೂತ್ರ.

ಮೊದಲು ಕೂಪನ್ ಲೆಕ್ಕ ಅರ್ಥವಾಗಬೇಕು, ಏಕೆಂದರೆ ಪಾತ್ರಗಳ ಮೈಮೇಲಿನ ಪ್ರತಿಯೊಂದು ಬಟ್ಟೆಯ ಹಿಂದೆಯೂ ಆ ಲೆಕ್ಕವಿದೆ. ಬ್ರಿಟನ್ನಿನಲ್ಲಿ ಬಟ್ಟೆಯ ರೇಷನ್ ಪ್ರಕಟವಾದದ್ದು 1941ರ ಜೂನ್ 1ರಂದು, ಒಂದು ಭಾನುವಾರ ಬೆಳಿಗ್ಗೆ. ಸರ್ಕಾರದ ವ್ಯಾಪಾರ ಖಾತೆಯಾದ ವ್ಯಾಪಾರ ಮಂಡಳಿಯ ಮುಖ್ಯಸ್ಥ ಆಲಿವರ್ ಲಿಟಲ್‌ಟನ್ ರೇಡಿಯೋದಲ್ಲಿ ಹೇಳುವವರೆಗೆ ಅದು ಗುಟ್ಟಾಗಿಯೇ ಇತ್ತು. ಮೊದಲೇ ಗೊತ್ತಾಗಿದ್ದರೆ ಜನ ಅಂಗಡಿಗಳನ್ನು ಬರಿದು ಮಾಡಿಬಿಡುತ್ತಿದ್ದರು. ಪ್ರತ್ಯೇಕ ಪುಸ್ತಕ ಅಚ್ಚು ಹಾಕಿಸಿದರೂ ಸುದ್ದಿ ಹೊರಬೀಳುವ ಭಯವಿದ್ದುದರಿಂದ, ಆಹಾರದ ರೇಷನ್ ಪುಸ್ತಕದಲ್ಲಿ ಬಳಕೆಯಾಗದೆ ಉಳಿದಿದ್ದ ಮಾರ್ಗರಿನ್ ಚೀಟಿಗಳನ್ನೇ ಆರಂಭದಲ್ಲಿ ಬಟ್ಟೆಗೂ ಬಳಸಿದರು. ಮೊದಲ ವರ್ಷ ತಲೆಗೆ 66 ಕೂಪನ್. ಗಂಡಸಿನ ಕೋಟು, ವೇಸ್ಟ್‌ಕೋಟು, ಪ್ಯಾಂಟು ಸೇರಿದ ಪೂರ್ಣ ಸೂಟಿಗೆ 26, ಹೆಂಗಸಿನ ಉಣ್ಣೆಯ ಉಡುಪಿಗೆ 11, ಒಂದು ಜೊತೆ ಸ್ಟಾಕಿಂಗ್ಸ್‌ಗೆ 2, ಗಂಡಸಿನ ಬೂಟಿಗೆ 7. ಕೂಪನ್ ಕೊಟ್ಟರೆ ಬಟ್ಟೆ ಬಿಟ್ಟಿ ಸಿಗುತ್ತಿತ್ತೆಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ, ಕೂಪನ್ನಿನ ಜೊತೆಗೆ ಬೆಲೆಯನ್ನೂ ತೆರಬೇಕಿತ್ತು. ನಿಮ್ಮ ಕಥೆ ನಡೆಯುವ ಹೊತ್ತಿಗೆ ವರ್ಷದ ಪಾಲು 36ರ ಆಸುಪಾಸಿಗೆ ಇಳಿದಿತ್ತು. ನಿಮ್ಮ ಗುಮಾಸ್ತ ಆ ವರ್ಷ ಒಂದು ಸೂಟು, ಒಂದು ಜೊತೆ ಬೂಟು ಕೊಂಡನೆಂದಿಟ್ಟುಕೊಳ್ಳಿ, ಅವನ ಬಳಿ ಉಳಿಯುವುದು 3 ಕೂಪನ್. ಅಂಗಿಗೆ 5 ಬೇಕು. ಹಾಗಾಗಿ ಅವನ ಮೈಮೇಲೆ ಹೊಸ ಸೂಟು, ಹೊಸ ಅಂಗಿ, ಹೊಸ ಬೂಟು ಒಟ್ಟಿಗೆ ಕಾಣಿಸಿದರೆ, ವಿಷಯ ಬಲ್ಲ ಪ್ರೇಕ್ಷಕ ಅವನನ್ನು ಕಾಳಸಂತೆಯ ಗಿರಾಕಿ ಎಂದುಕೊಳ್ಳುತ್ತಾನೆ.

ಈ ಕೊರತೆ ಬಂದದ್ದೇಕೆ ಎಂಬುದನ್ನೂ ಹೇಳಬೇಕು, ಯಾಕೆಂದರೆ ‘ಬಟ್ಟೆ ಇರಲಿಲ್ಲ’ ಎಂಬ ಒಂದೇ ಮಾತಿನಲ್ಲಿ ಅದು ಮುಗಿಯುವುದಿಲ್ಲ. ಹತ್ತಿ, ಉಣ್ಣೆ ಎರಡೂ ಹಡಗಿನಲ್ಲಿ ಬರಬೇಕು. ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದವು, ಉಳಿದ ಹಡಗುಗಳಲ್ಲಿ ಗೋಧಿಗೂ ತೈಲಕ್ಕೂ ಮೊದಲ ಜಾಗ. ಬಂದ ನೂಲಿನಲ್ಲಿ ಸಮವಸ್ತ್ರಕ್ಕೆ ದೊಡ್ಡ ಪಾಲು ಹೋಗುತ್ತಿತ್ತು, ಬ್ರಿಟನ್ನಿನ ಸುಮಾರು ಕಾಲುಭಾಗ ಜನ ಯಾವುದೋ ಒಂದು ಸಮವಸ್ತ್ರಕ್ಕೆ ಅರ್ಹರಾಗಿದ್ದ ಕಾಲ ಅದು. ಎಲ್ಲಕ್ಕಿಂತ ಮಿಗಿಲಾಗಿ, ಬಟ್ಟೆಗಿರಣಿಗಳ ಕೈಗಳು ಸರ್ಕಾರಕ್ಕೆ ಮದ್ದುಗುಂಡಿನ ಕಾರ್ಖಾನೆಯಲ್ಲಿ ಬೇಕಾಗಿದ್ದವು. ನಿಮ್ಮ ನಾಟಕದ ಹೆಂಡತಿ ಮೊದಲು ಹೊಲಿಗೆಯ ಕೆಲಸದಲ್ಲಿದ್ದವಳಾಗಿದ್ದರೆ ಈ ಸಂಗತಿ ಅವಳ ಬದುಕಿನೊಳಗೇ ಇರುತ್ತದೆ. ಮಲಯಾ 1942ರಲ್ಲಿ ಜಪಾನಿನ ಕೈಸೇರಿದ ಮೇಲೆ ರಬ್ಬರ್ ಹೋಯಿತು, ಅದರೊಂದಿಗೆ ಒಳ ಉಡುಪಿನ ಇಲಾಸ್ಟಿಕ್ಕೂ ಹೋಯಿತು. ಉಕ್ಕು ಯುದ್ಧಕ್ಕೆ ಹೋದುದರಿಂದ ಜಿಪ್ಪೂ ಹೇರ್‌ಪಿನ್ನೂ ಅಪರೂಪವಾದವು.

ಇನ್ನು ‘ಎಲ್ಲರೂ ಒಂದೇ ಬಗೆಯ ಬೂದುಬಣ್ಣ’ ಎಂಬ ಮಾತು. ಇಲ್ಲಿ ಎರಡು ಬೇರೆ ಬೇರೆ ಸರ್ಕಾರಿ ಯೋಜನೆಗಳು ಒಂದಕ್ಕೊಂದು ಕಲಸಿಹೋಗಿವೆ. ಮೊದಲನೆಯದು ಯುಟಿಲಿಟಿ ಬಟ್ಟೆ. ಗೊತ್ತುಪಡಿಸಿದ ಗುಣಮಟ್ಟದ ಬಟ್ಟೆಯಿಂದ, ಗೊತ್ತುಪಡಿಸಿದ ಬೆಲೆಗೆ ಮಾರಬೇಕಾದ ಉಡುಪು ಇದು. ‘ಸಿಸಿ41’ ಎಂಬ ಮುದ್ರೆಯಲ್ಲಿ ಎರಡು ದುಂಡನೆಯ ‘ಸಿ’ಗಳು, ಪಕ್ಕದಲ್ಲಿ 41, ಪಟ್ಟಿಯೊಂದರ ಮೇಲೆ ಅಚ್ಚಾಗಿ ಬಟ್ಟೆಯ ಒಳಗೆ ಇರುತ್ತಿತ್ತು. ಅದರ ವಿನ್ಯಾಸಗಳನ್ನು ಕಳಪೆಯೆನ್ನಲಾಗದು: ನಾರ್ಮನ್ ಹಾರ್ಟ್‌ನೆಲ್, ಹಾರ್ಡಿ ಏಮೀಸ್, ಡಿಗ್ಬಿ ಮಾರ್ಟನ್ ಮೊದಲಾದ ಲಂಡನ್ನಿನ ಹೆಸರಾಂತ ವಿನ್ಯಾಸಕಾರರು 1942ರಲ್ಲಿ ಯುಟಿಲಿಟಿಗಾಗಿ ಮಾದರಿಗಳನ್ನು ಮಾಡಿಕೊಟ್ಟರು. ಹಸಿರು, ಕೆಂಪು, ನೀಲಿ, ಪುಟ್ಟ ಹೂವಿನ ಅಚ್ಚು, ಎಲ್ಲವೂ ಇದ್ದವು. ಕಪ್ಪುಬಿಳುಪು ಛಾಯಾಚಿತ್ರಗಳನ್ನು ನೋಡಿ ಆ ಕಾಲವೇ ಬೂದು ಎಂದುಕೊಂಡಿದ್ದೇವೆ, ಅಷ್ಟೆ.

ಎರಡನೆಯದು ಮಿತವ್ಯಯದ ಆದೇಶಗಳು, 1942ರಿಂದ ಬಂದವು. ಇವು ಬಟ್ಟೆಯ ರೂಪಕ್ಕೇ ಕತ್ತರಿ ಹಾಕಿದವು. ಹೆಂಗಸಿನ ಉಡುಪಿಗೆ ಎರಡಕ್ಕಿಂತ ಹೆಚ್ಚು ಜೇಬು ಬೇಡ, ಐದಕ್ಕಿಂತ ಹೆಚ್ಚು ಗುಂಡಿ ಬೇಡ, ಸ್ಕರ್ಟಿನ ನೆರಿಗೆಗೆ ಮಿತಿ, ಅಲಂಕಾರದ ಕಸೂತಿಗೆ ನಿಷೇಧ. ಬೂಟಿನ ಹಿಮ್ಮಡಿ ಎರಡು ಅಂಗುಲ ಮೀರುವಂತಿಲ್ಲ. ಆದರೆ ಒಂದು ಎಚ್ಚರಿಕೆ: ಚೌಕಾಕಾರದ ಭುಜ ಯುದ್ಧದಿಂದ, ಸಮವಸ್ತ್ರದ ಪ್ರಭಾವದಿಂದ ಬಂತೆಂದು ಎಲ್ಲೆಡೆ ಬರೆಯುತ್ತಾರೆ. ಅದು 1930ರ ದಶಕದ ನಡುವಿನಲ್ಲೇ ಫ್ಯಾಷನ್ನಿಗೆ ಬಂದಿತ್ತು. ಯುದ್ಧ ಅದನ್ನು ಇದ್ದಲ್ಲೇ ನಿಲ್ಲಿಸಿತು, ಹೊಸ ರೂಪ ಹುಟ್ಟಲು ಬೇಕಾದ ಬಟ್ಟೆ ಯಾರ ಬಳಿಯೂ ಇರಲಿಲ್ಲ. ನೀವು ಚಿತ್ರಗಳಲ್ಲಿ ಕಂಡ ಅಗಲವಾದ ಸ್ಕರ್ಟು ಆಮೇಲಿನದು. ಪ್ಯಾರಿಸ್ಸಿನ ಕ್ರಿಸ್ಚಿಯನ್ ಡಿಯೋರ್ ಅದನ್ನು ತೋರಿಸಿದ್ದು 1947ರ ಫೆಬ್ರವರಿಯಲ್ಲಿ, ಬ್ರಿಟನ್ನಿನಲ್ಲಿ ಆಗಲೂ ಬಟ್ಟೆಯ ರೇಷನ್ ಇತ್ತು. ಅದು ಮುಗಿದದ್ದು 1949ರ ಮಾರ್ಚಿನಲ್ಲಿ. ಅಗಲ ಸ್ಕರ್ಟನ್ನು ಪಟ್ಟಿಯಿಂದ ತೆಗೆದುಹಾಕಿ. ನಿಮ್ಮ ಇಬ್ಬರು ಹೆಂಗಸರ ಸ್ಕರ್ಟು ಮೊಣಕಾಲಿನ ಸ್ವಲ್ಪ ಕೆಳಗೆ, ಕಡಿಮೆ ಬಟ್ಟೆಯಲ್ಲಿ, ನೇರವಾಗಿ ಇಳಿಯಬೇಕು.

ಗಂಡಸರ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು, ನನಗೆ ಇಡೀ ವಿಷಯದಲ್ಲಿ ಹೆಚ್ಚು ರಸವತ್ತಾಗಿ ಕಾಣುವುದು ಅವರದೇ ಕಥೆ. ಮಿತವ್ಯಯದ ಆದೇಶ ಗಂಡಸಿನ ಕೋಟಿನಲ್ಲಿ ಡಬಲ್ ಬ್ರೆಸ್ಟನ್ನು, ಅಂದರೆ ಎದೆಯ ಮೇಲೆ ಒಂದರ ಮೇಲೊಂದು ಮಡಚಿ ಎರಡು ಸಾಲು ಗುಂಡಿ ಹಾಕುವ ಮಾದರಿಯನ್ನು, ನಿಷೇಧಿಸಿತು, ಜೇಬುಗಳನ್ನು ಎಣಿಸಿತು, ಅಂಗಿಯ ಉದ್ದ ಕತ್ತರಿಸಿತು, ಮಡಚಿದ ಜೋಡಿ ಕಫ್ ಬೇಡವೆಂದಿತು. ಇದನ್ನೆಲ್ಲ ಗಂಡಸರು ಗೊಣಗುತ್ತಲೇ ಒಪ್ಪಿಕೊಂಡರು. ಆದರೆ ಪ್ಯಾಂಟಿನ ಕೆಳಗೆ ಹೊರಕ್ಕೆ ಮಡಚಿ ಹೊಲಿಯುವ ಮಡಿಕೆಯನ್ನೂ ನಿಷೇಧಿಸಿದಾಗ ಮಾತ್ರ ಅವರಿಗೆ ಸಹಿಸಲಾಗಲಿಲ್ಲ. ನೋಡಿದರೆ ನಾಲ್ಕು ಬೆರಳಗಲದ ಬಟ್ಟೆ. ಆದರೆ ಮಡಿಕೆಯಿಲ್ಲದ ಪ್ಯಾಂಟು ಮರ್ಯಾದಸ್ಥರದಲ್ಲ ಎಂಬ ಭಾವನೆ ಅಷ್ಟು ಆಳವಾಗಿತ್ತು. ಅಳತೆಗಿಂತ ಉದ್ದದ ಪ್ಯಾಂಟು ಕೊಂಡು, ಮನೆಯಲ್ಲಿ ಹೆಂಡತಿಯಿಂದ ಮಡಿಕೆ ಹೊಲಿಸಿಕೊಂಡು, ಆದೇಶದ ಕಣ್ಣಿಗೆ ಮಣ್ಣೆರಚಿದವರು ಬಹಳ. ವ್ಯಾಪಾರ ಮಂಡಳಿಗೆ ಹ್ಯೂ ಡಾಲ್ಟನ್ ಮುಖ್ಯಸ್ಥರಾಗಿದ್ದಾಗ, 1944ರ ಆರಂಭದಲ್ಲಿ, ಗಂಡಸರ ಸೂಟಿನ ಮೇಲಿನ ಈ ನಿರ್ಬಂಧಗಳನ್ನು ಹಿಂತೆಗೆದುಕೊಳ್ಳಲೇಬೇಕಾಯಿತು. ನಿಮ್ಮ ಕಥೆ ಅದಕ್ಕೆ ಸ್ವಲ್ಪ ಮೊದಲು ನಡೆಯುವುದರಿಂದ ಗುಮಾಸ್ತನಿಗೆ ಎರಡು ದಾರಿಗಳಿವೆ: ಅವನದು ಹಳೆಯ ಸೂಟಾದರೆ ಪ್ಯಾಂಟಿಗೆ ಮಡಿಕೆ ಇರಲಿ, ಮೊಣಕೈಗೆ ತೇಪೆ ಇರಲಿ, ಹೊಸದಾದರೆ ಮಡಿಕೆ ಇರಬಾರದು, ಕೋಟು ಸಿಂಗಲ್ ಬ್ರೆಸ್ಟ್ ಆಗಿರಬೇಕು. ನನ್ನನ್ನು ಕೇಳಿದರೆ ಹಳೆಯದೇ ಸರಿ.

ಅವನ ಅಂಗಿಯ ಕಾಲರನ್ನೊಮ್ಮೆ ಹತ್ತಿರದಿಂದ ನೋಡೋಣ. ಕತ್ತಿನ ಮಡಿಕೆಯಲ್ಲಿ ಮೊದಲು ನೂಲು ಸವೆದು ಬೆಳ್ಳಗಾಗುತ್ತದೆ, ಆಮೇಲೆ ಹರಿಯುತ್ತದೆ. ಮನೆಯಾಕೆ ಕಾಲರನ್ನು ಬಿಚ್ಚಿ, ಒಳಮೈ ಹೊರಗೆ ಬರುವಂತೆ ತಿರುಗಿಸಿ ಮತ್ತೆ ಹೊಲಿಯುತ್ತಿದ್ದಳು. ಆ ಬದಿಯೂ ಸವೆದರೆ ಪ್ಯಾಂಟಿನೊಳಗೆ ಸೇರಿಹೋಗುವ ಅಂಗಿಯ ಹಿಂಬಾಲವನ್ನು ಕತ್ತರಿಸಿ ಅದರಲ್ಲೇ ಹೊಸ ಕಾಲರ್ ಮಾಡುತ್ತಿದ್ದಳು, ಬಾಲಕ್ಕೆ ಯಾವುದೋ ಹಳೆಯ ಬಟ್ಟೆಯ ತುಂಡು. ಕೋಟು ತೆಗೆದಾಗ ಮಾತ್ರ ಕಾಣುವ, ಬಣ್ಣ ಹೊಂದದ ಆ ತುಂಡು ನಿಮ್ಮ ನಟನಿಗೆ ಪುಟಗಟ್ಟಲೆ ಸಂಭಾಷಣೆಯ ಕೆಲಸ ಮಾಡಿಕೊಡುತ್ತದೆ. ಹಳತನ್ನು ಹೀಗೆ ಬಳಸುವುದನ್ನು ಸರ್ಕಾರವೇ ಪ್ರಚಾರ ಮಾಡಿತು. ವ್ಯಾಪಾರ ಮಂಡಳಿ 1943ರಲ್ಲಿ ಇದಕ್ಕಾಗಿ ಕೈಪಿಡಿಯನ್ನೂ ಹೊರತಂದಿತು. ಆದರೆ ಬಡವರ ಮನೆಗಳಲ್ಲಿ ಇದನ್ನೆಲ್ಲ ಸರ್ಕಾರ ಕಲಿಸಬೇಕಾಗಿರಲಿಲ್ಲ, ಮೊದಲಿನಿಂದಲೂ ಹಾಗೆಯೇ ಬದುಕಿದ್ದರು. ಕಲಿಯಬೇಕಾದವರು ಮಧ್ಯಮ ವರ್ಗದವರು.

ಬೆಂಗಳೂರಿನ ಯುವಕನದು ಇನ್ನೊಂದು ಲೆಕ್ಕ. ಬ್ರಿಟನ್ನಿನ ಕಾರ್ಮಿಕ ಸಚಿವ ಅರ್ನೆಸ್ಟ್ ಬೆವಿನ್ ಹೆಸರಿನ ಯೋಜನೆಯಡಿ 1941ರಿಂದ ಭಾರತದ ಯುವಕರನ್ನು ತಾಂತ್ರಿಕ ತರಬೇತಿಗೆ ಇಂಗ್ಲೆಂಡಿಗೆ ಕರೆಸಿಕೊಂಡದ್ದು ನಿಜ. ನಿಮ್ಮ ಪಾತ್ರ ಹಾಗೆ ಹೋದವನೆಂದರೆ ಹೊಂದುತ್ತದೆ. ಅಲ್ಲಿ ಏನನ್ನಾದರೂ ಕೊಳ್ಳಬೇಕಾದರೆ ಅವನಿಗೂ ಕೂಪನ್ ಬೇಕು. ಆದರೆ ಊರಿಂದ ಪೆಟ್ಟಿಗೆಯಲ್ಲಿ ಒಯ್ದದ್ದಕ್ಕೆ ಬೇಡ, ಮತ್ತು ಲಂಡನ್ನಿನ ಮಿತವ್ಯಯದ ಆದೇಶ ಬೆಂಗಳೂರಿನ ದರ್ಜಿಗೆ ಅನ್ವಯಿಸುತ್ತಿರಲಿಲ್ಲ. ಆದ್ದರಿಂದ ಅವನಿಗೆ ಹೊರಡುವ ಮುನ್ನ ಹೊಲಿಸಿದ ಡಬಲ್ ಬ್ರೆಸ್ಟ್ ಕೋಟು, ಮಡಿಕೆಯಿರುವ ಪ್ಯಾಂಟು ಕೊಡಬಹುದು. ಆ ಮನೆಯಲ್ಲಿ ಚೆನ್ನಾಗಿ ಉಟ್ಟವನು ಬಾಡಿಗೆಗಿರುವ ಭಾರತೀಯನೇ ಆಗುತ್ತಾನೆ. ಆದರೆ ಅದು ಬೆಂಗಳೂರಿನ ಚಳಿಗೆ ಹೊಲಿಸಿದ ಕೋಟು. ಲಂಡನ್ನಿನ ಡಿಸೆಂಬರಿಗೆ ಸಾಲದೆ ಮನೆಯೊಡತಿ ಹಳೆಯ ಸ್ವೆಟರ್ ಬಿಚ್ಚಿದ ಉಣ್ಣೆಯಲ್ಲಿ ಹೆಣೆದ, ಎರಡು ಬಣ್ಣದ ಮಫ್ಲರ್ ಅವನ ಕುತ್ತಿಗೆಗೆ ಬರಲಿ. 1943ರಲ್ಲಿ ನಮ್ಮಲ್ಲೂ ಬಟ್ಟೆಗೆ ಕಂಟ್ರೋಲ್ ಬಂತು, ಆದರೆ ಅದು ಮುಖ್ಯವಾಗಿ ಗಿರಣಿ ಬಟ್ಟೆಯ ಬೆಲೆ ಮತ್ತು ಉತ್ಪಾದನೆಯ ಮೇಲಿನ ಹತೋಟಿ. ಲಂಡನ್ನಿನ ಕೂಪನ್ ಪದ್ಧತಿಯ ಜೊತೆ ಅದನ್ನು ಬೆರೆಸಬೇಡಿ.

ಕಾಲಿಗೆ ಬಣ್ಣ ಬಳಿಯುವ ವಿಷಯ ನಿಜ. ರೇಷ್ಮೆಯ ಸ್ಟಾಕಿಂಗ್ಸ್ ಬ್ರಿಟನ್ನಿನಲ್ಲಿ ಬೇಗನೆ ಕಣ್ಮರೆಯಾದವು, ನೈಲಾನ್ ಅಮೆರಿಕದ ಸೈನಿಕರ ಕೃಪೆಯಿಂದ ಮಾತ್ರ ಸಿಗುತ್ತಿತ್ತು. ಅಂಗಡಿಯಲ್ಲಿ ಸಿಗುವ ಕಾಲಿನ ಬಣ್ಣವನ್ನೋ, ಅದಿಲ್ಲದಿದ್ದರೆ ಮಾಂಸದ ಸಾರಿಗೆ ಹಾಕುವ ಕಂದು ಪುಡಿಯನ್ನೋ ನೀರಿನಲ್ಲಿ ಕಲಸಿ ಬಳಿದು, ಹಿಂದೆ ಹೊಲಿಗೆಯ ಗೆರೆಯನ್ನು ಹುಬ್ಬಿನ ಪೆನ್ಸಿಲ್ಲಿನಿಂದ ಎಳೆದುಕೊಂಡವರಿದ್ದರು. ಆದರೆ ಅದು ಬೇಸಿಗೆಯ, ನೃತ್ಯಕ್ಕೆ ಹೊರಟ ಹುಡುಗಿಯರ ಉಪಾಯ. ಚಳಿಗಾಲದ, ಕಲ್ಲಿದ್ದಲೂ ಸಾಲದ ಮನೆಯಲ್ಲಿ ಬರಿಗಾಲಿಗೆ ಬಣ್ಣ ಬಳಿದುಕೊಂಡು ಕೂರುವವರು ಯಾರು? ನಿಮ್ಮ ಹೆಂಗಸರಿಗೆ ಹತ್ತಿಯ ದಪ್ಪ ಸ್ಟಾಕಿಂಗ್ಸ್, ಹಿಮ್ಮಡಿಯಲ್ಲಿ ರಫೂ, ಮೇಲೊಂದು ಉಣ್ಣೆಯ ಸಾಕ್ಸ್ ಸರಿಹೊಂದುತ್ತವೆ. ಕಾರ್ಖಾನೆಯಿಂದ ಬರುವಾಗ ಹೆಂಡತಿ ಪ್ಯಾಂಟಿನಲ್ಲೇ ಬರಬಹುದು, ಯುದ್ಧಕ್ಕೆ ಮೊದಲು ಹುಬ್ಬೇರಿಸುತ್ತಿದ್ದ ನೆರೆಹೊರೆಯವರು ಅಷ್ಟರಲ್ಲಿ ಅದಕ್ಕೆ ಒಗ್ಗಿಕೊಂಡಿದ್ದರು.

ಪ್ಯಾರಾಚೂಟ್ ಬಟ್ಟೆಯೂ ನಿಜ, ಆದರೆ ಕಾಲ ಬೇರೆ. ಅದು ಸೇನೆಯ ಸ್ವತ್ತು, ಯುದ್ಧದ ನಡುವೆ ಮನೆಗೆ ಒಯ್ದರೆ ಅಪರಾಧ. ಜನರಿಗೆ ಕೂಪನ್ನಿಲ್ಲದೆ ಅದು ರಾಜಾರೋಷವಾಗಿ ಸಿಕ್ಕಿದ್ದು ಯುದ್ಧ ಮುಗಿಯುವ ಹೊತ್ತಿಗೆ. 1943ರಲ್ಲಿ ತಂಗಿಯ ಮದುವೆಯ ಉಡುಪು ಹೆಚ್ಚೆಂದರೆ ಯಾರಿಂದಲೋ ಎರವಲು ತಂದದ್ದು, ಅಥವಾ ಅಕ್ಕನದನ್ನೇ ಸರಿಮಾಡಿಕೊಂಡದ್ದು. ಬಹಳ ಮಂದಿ ಆಮೇಲೂ ತೊಡಬಹುದಾದ ಕೋಟು ಸ್ಕರ್ಟಿನಲ್ಲೇ ಮದುವೆಯಾದರು. ಪ್ಯಾರಾಚೂಟನ್ನು ನಾಟಕದಿಂದ ಪೂರ್ತಿ ಬಿಡಲು ಮನಸ್ಸಿಲ್ಲದಿದ್ದರೆ ಒಂದು ಎಳೆಯುಂಟು. ಜಪಾನಿನ ರೇಷ್ಮೆ ನಿಂತುಹೋದಾಗ ಪ್ಯಾರಾಚೂಟಿಗಾಗಿ ಮೈಸೂರು ಸಂಸ್ಥಾನದ ರೇಷ್ಮೆಗೆ ಬೇಡಿಕೆ ಏರಿ, ಇಲ್ಲಿನ ರೇಷ್ಮೆ ಕೃಷಿ ಚೇತರಿಸಿಕೊಂಡಿತು. ಬೆಂಗಳೂರಿನ ಯುವಕನ ಬಾಯಲ್ಲಿ ಈ ಮಾತು ಸಹಜವಾಗಿ ಬರಬಹುದು.

ಈಗ ತಲೆಗೂದಲು. ‘ವಿಕ್ಟರಿ ರೋಲ್’ ಎಂದು ಈಗ ಕರೆಯುವ ಹಣೆಯ ಮೇಲಿನ ಸುರುಳಿಗಳು ಆ ಕಾಲದವೇ, ಆದರೆ ಇಂದಿನ ಚಿತ್ರಗಳಲ್ಲಿರುವಷ್ಟು ದೊಡ್ಡವೂ ನುಣುಪಾದವೂ ಅಲ್ಲ, ದಿನನಿತ್ಯದವೂ ಅಲ್ಲ. ಕೂದಲನ್ನು ಮುಖದಿಂದ ಮೇಲಕ್ಕೆತ್ತಿ ಸುತ್ತುವುದಕ್ಕೆ ಗಟ್ಟಿ ಕಾರಣವಿತ್ತು: ಬಿಟ್ಟ ಕೂದಲು ತಿರುಗುವ ಯಂತ್ರಕ್ಕೆ ಸಿಕ್ಕಿದರೆ ನೆತ್ತಿಯ ಚರ್ಮವೇ ಕಿತ್ತುಬರುತ್ತಿತ್ತು. ಅಮೆರಿಕದಲ್ಲಿ ಒಂದು ಕಣ್ಣಿನ ಮೇಲೆ ಕೂದಲು ಇಳಿಬಿಡುವುದಕ್ಕೆ ಹೆಸರಾಗಿದ್ದ ನಟಿ ವೆರೋನಿಕಾ ಲೇಕ್, ಕಾರ್ಖಾನೆಯ ಹುಡುಗಿಯರು ತನ್ನನ್ನು ಅನುಕರಿಸಬಾರದೆಂದು ಸರ್ಕಾರದ ಕೋರಿಕೆಯ ಮೇರೆಗೆ ತನ್ನ ಶೈಲಿಯನ್ನೇ ಬದಲಿಸಿದಳು. ಸೇನೆಯ ಮಹಿಳಾ ದಳಗಳಲ್ಲಿ ಕೂದಲು ಕಾಲರನ್ನು ಮುಟ್ಟಬಾರದೆಂಬ ನಿಯಮವಿತ್ತು. ಅದಕ್ಕಾಗಿ ತಲೆಯ ಸುತ್ತ ರಿಬ್ಬನ್ನನ್ನೋ ಹಳೆಯ ಸ್ಟಾಕಿಂಗ್ಸನ್ನೋ ಕಟ್ಟಿ, ಕೂದಲನ್ನು ಅದರೊಳಕ್ಕೆ ಸುತ್ತಿ ಸಿಕ್ಕಿಸುತ್ತಿದ್ದರು. ಸುರುಳಿ ಬರಿಸುವುದು ರಾತ್ರಿಯ ಕೆಲಸ: ಒದ್ದೆ ಕೂದಲಿನ ಎಳೆಗಳನ್ನು ಬೆರಳಿಗೆ ಸುತ್ತಿ, ಚಪ್ಪಟೆ ಮಾಡಿ, ಪಿನ್ನು ಹಾಕಿ ಮಲಗುವುದು. ಅಂಟು ಹಿಡಿಯಲು ಸಕ್ಕರೆ ನೀರು ಬಳಸಿದವರೂ ಉಂಟು, ಸಕ್ಕರೆಯೂ ರೇಷನ್ನಿನದೇ! ಸಾಬೂನಿಗೆ 1942ರ ಫೆಬ್ರವರಿಯಿಂದ ರೇಷನ್ ಬಂದ ಮೇಲೆ ತಲೆಸ್ನಾನ ಅಪರೂಪವಾಯಿತು, ಜಿಡ್ಡು ಮುಚ್ಚಲು ತಲೆಗೆ ಬಟ್ಟೆ ಕಟ್ಟುವುದು ಹೆಚ್ಚಿತು. ಟೋಪಿಗೆ ಕೂಪನ್ ಬೇಡವಾಗಿದ್ದರೂ ಬೆಲೆ ಏರಿದ್ದರಿಂದ ತಲೆವಸ್ತ್ರ ಎಲ್ಲ ವರ್ಗದಲ್ಲೂ ಬಂತು.

ನಿಮ್ಮ ನಟಿಯರಿಗೆ ಮೂರು ದಾರಿಗಳಿವೆ. ವಿಗ್ ಸುಲಭವೆನಿಸುತ್ತದೆ, ಆದರೆ ಅಗ್ಗದ ವಿಗ್ ದೀಪದ ಕೆಳಗೆ ಪ್ಲಾಸ್ಟಿಕ್ಕಿನಂತೆ ಹೊಳೆದು ಎರಡನೇ ಸಾಲಿನವರೆಗೂ ಗುಟ್ಟು ಬಿಟ್ಟುಕೊಡುತ್ತದೆ. ಒಳ್ಳೆಯದು ನಿಮ್ಮ ಹಣಕ್ಕೆ ಸಿಗಲಾರದು. ಸ್ವಂತ ಕೂದಲಿಗೆ ಹಿಂದಿನ ರಾತ್ರಿಯೇ ಪಿನ್ನು ಹಾಕಿಸುವುದು ಎಲ್ಲಕ್ಕಿಂತ ಚೆನ್ನ, ಆದರೆ ಮಳೆಗಾಲದ ಶಿವಮೊಗ್ಗದಲ್ಲಿ ಸುರುಳಿ ಎರಡನೇ ಅಂಕದ ಹೊತ್ತಿಗೆ ಬಿಚ್ಚಿಕೊಳ್ಳುವ ಅಪಾಯವಿದೆ, ಉದ್ದ ಜಡೆಯ ನಟಿಗೆ ಅದು ಸಾಧ್ಯವೂ ಅಲ್ಲ. ಮೂರನೆಯದು ತಲೆವಸ್ತ್ರ: ಉದ್ದ ಕೂದಲನ್ನು ನೆತ್ತಿಗೆ ಸುತ್ತಿ, ಚೌಕದ ಬಟ್ಟೆಯನ್ನು ತ್ರಿಕೋನ ಮಡಚಿ ಹಿಂದಿನಿಂದ ತಂದು ಹಣೆಯ ಮೇಲೆ ಗಂಟು ಹಾಕಿ, ಮುಂದೆ ಒಂದೇ ಒಂದು ಸುರುಳಿ ಕಾಣುವಂತೆ ಬಿಡುವುದು. ಕಾರ್ಖಾನೆಯ ಹೆಂಡತಿಗೆ ಇದನ್ನೇ ಮಾಡಿ. ತಂಗಿಗೆ ಸ್ವಂತ ಕೂದಲು, ಬದಿ ಬೈತಲೆ, ಚಿಕ್ಕ ಸುರುಳಿ. ಕೆಂಪು ಲಿಪ್‌ಸ್ಟಿಕ್ ಅವಳ ಹೊರಗೆ ಹೋಗುವ ದೃಶ್ಯಕ್ಕೆ ಮಾತ್ರ, ಅದೂ ಡಬ್ಬಿಯ ತಳದಿಂದ ಕೆರೆದಷ್ಟು.

ಬಟ್ಟೆಗೂ ಬಾಡಿಗೆ ಅಂಗಡಿಯನ್ನು ನಂಬಬೇಡಿ; ‘ಹಳೆಯ ಇಂಗ್ಲಿಷ್ ಡ್ರೆಸ್’ ಎಂದು ಕೊಡುವುದು ಬಹುಪಾಲು ಐವತ್ತರ ದಶಕದ ಅಗಲ ಸ್ಕರ್ಟನ್ನೇ. ಹಳೆ ಬಟ್ಟೆಯ ವ್ಯಾಪಾರಿಗಳಲ್ಲಿ ಉಣ್ಣೆಯ ಕೋಟು, ಪ್ಯಾಂಟು ಆರಿಸಿ ಸರಿಮಾಡಿಸುವುದೇ ಅಗ್ಗ. ಅಲ್ಲಿ ತಪ್ಪುವುದು ಬಟ್ಟೆಯ ಜಾತಿಯಲ್ಲಿ: ಪಾಲಿಯೆಸ್ಟರ್ ಬಟ್ಟೆಯಾಗಿ ಮಾರುಕಟ್ಟೆಗೆ ಬಂದದ್ದು ಯುದ್ಧದ ನಂತರ, ಟೆರಿಕಾಟಿನ ಹೊಳಪು ದೀಪಕ್ಕೆ ಸಿಕ್ಕಿಬೀಳುತ್ತದೆ. ಹತ್ತಿ, ಉಣ್ಣೆ, ರೇಯಾನ್ ಇವುಗಳನ್ನು ಬಿಟ್ಟು ಬೇರೆ ತರಬೇಡಿ. ಹೆಂಗಸರ ಉಡುಪಿಗೆ ಬೆನ್ನಿನ ಜಿಪ್ ಇದ್ದರೆ ಬಿಚ್ಚಿಸಿ, ಪಕ್ಕೆಯಲ್ಲಿ ಪ್ರೆಸ್ ಬಟನ್ ಹಾಕಿಸಿ. ಬೇಗ ಬಟ್ಟೆ ಬದಲಿಸಬೇಕಾದ ದೃಶ್ಯವಿದ್ದರೆ ಇದರಿಂದ ಅರ್ಧ ನಿಮಿಷ ಹೆಚ್ಚು ಬೇಕಾಗುತ್ತದೆ, ತಾಲೀಮಿನಲ್ಲೇ ಅಭ್ಯಾಸ ಮಾಡಿಸಿ.

ಗಂಡಸರ ತಲೆಯ ಬಗ್ಗೆ ಹೇಳಿ ಮುಗಿಸುತ್ತೇನೆ. ಹಿಂದೆ ಮತ್ತು ಕಿವಿಯ ಬದಿ ಗಿಡ್ಡ, ನೆತ್ತಿಯಲ್ಲಿ ಉದ್ದ, ಬದಿ ಬೈತಲೆ, ಬ್ರಿಲ್‌ಕ್ರೀಮ್ ಎಂಬ ತಲೆಗೂದಲಿನ ಕ್ರೀಮು ಹಚ್ಚಿ ಒತ್ತಿ ಬಾಚಿದ್ದು. ವಾಯುಪಡೆಯ ಯುವಕರಿಗೆ ಆ ಹೆಸರಿನ ಅಡ್ಡಹೆಸರೇ ಇತ್ತು. ಮುಖ ಬೋಳು, ಇಲ್ಲವೇ ಸಣ್ಣ ಮೀಸೆ. ಗಡ್ಡ ನೌಕಾಪಡೆಯವರಿಗಷ್ಟೇ ಸಲ್ಲುತ್ತಿತ್ತು, ಆದ್ದರಿಂದ ನಿಮ್ಮ ಇಬ್ಬರೂ ನಟರು ಗಡ್ಡ ತೆಗೆಯಬೇಕು. ಬ್ಲೇಡೂ ಕೊರತೆಯಲ್ಲಿದ್ದುದರಿಂದ ಮೊಂಡಾದ ಬ್ಲೇಡನ್ನು ಗಾಜಿನ ಲೋಟದ ಒಳಬದಿಗೆ ಉಜ್ಜಿ ಚೂಪು ಮಾಡಿಕೊಳ್ಳುತ್ತಿದ್ದರು. ಬೆಳಗಿನ ದೃಶ್ಯವೊಂದಿದ್ದರೆ ಗುಮಾಸ್ತನ ಕೈಗೆ ಇದೇ ಕೆಲಸ ಕೊಡಿ, ಬ್ಲೇಡು ಮಾತ್ರ ಅಲಗು ತೆಗೆದದ್ದಿರಲಿ. ಈಗಿನ ಹುಡುಗರು ಬದಿಯಲ್ಲಿ ಚರ್ಮ ಕಾಣುವಷ್ಟು ಬೋಳಿಸಿಕೊಂಡಿರುತ್ತಾರೆ, ಅದು ಬೆಳೆಯಲು ಒಂದು ತಿಂಗಳಾದರೂ ಬೇಕು. ಪ್ರದರ್ಶನದ ದಿನ ಗೊತ್ತಾದ ಕೂಡಲೇ ಟ್ರಿಮ್ಮರ್ ಮುಟ್ಟಬೇಡಿರೆಂದು ಅವರಿಗೆ ಹೇಳಿಬಿಡಿ, ಒಂದು ವಾರ ಉಳಿದಾಗ ಕತ್ತರಿಯಲ್ಲೇ ಕೆಲಸ ಮಾಡಬಲ್ಲ ಹಳೆಯ ಕ್ಷೌರಿಕರೊಬ್ಬರ ಬಳಿ ಇಬ್ಬರನ್ನೂ ಕಳುಹಿಸಿ.